ದನಿಯಷ್ಟೇ ಉಳಿದ ಕಂತು

ಒಬ್ಬ ಮುದುಕ ತನ್ನಷ್ಟಕ್ಕೆ ತಾನು ಮಾತಾಡಿಕೊಳ್ಳುತ್ತಾನೆ. ಹೆಡ್‌ಫೋನ್ ಹಾಕಿಕೊಂಡು ಎಷ್ಟು ಸಲ ಕೇಳಿದ್ದೇನೋ! ಪ್ರತಿ ಸಲವೂ ಆ ದನಿಯ ಹಿಂದೆ ಮುಖ ಹುಡುಕುತ್ತೇನೆ. ಸಿಗುವುದಿಲ್ಲ.

ಬಿಬಿಸಿಯ ‘ಡಾಕ್ಟರ್ ಹೂ’ ಧಾರಾವಾಹಿಯಲ್ಲಿ 1966ರ ಫೆಬ್ರುವರಿಯ ನಾಲ್ಕು ಶನಿವಾರ ಬಂದ ಕಥೆ ‘ದಿ ಮ್ಯಾಸಕರ್’. ಅದರ ಒಂದು ಕಂತೂ ಉಳಿದಿಲ್ಲ. ಆಗ ವಿಡಿಯೊ ಟೇಪು ದುಬಾರಿ. ಅಳಿಸಿ ಮತ್ತೆ ಬಳಸುತ್ತಿದ್ದರು. ಫಿಲ್ಮ್ ಪ್ರತಿಗಳೂ ಕಸವಾದವು. ಟೀವಿಯ ಪಕ್ಕ ಟೇಪ್ ರೆಕಾರ್ಡರ್ ಹಚ್ಚಿಟ್ಟ ಕೆಲವು ಅಭಿಮಾನಿಗಳ ಪುಣ್ಯದಿಂದ ಮಾತುಗಳಾದರೂ ಬದುಕಿದವು. ಕಳೆದುಹೋದ ಬೇರೆ ಎಷ್ಟೋ ಕಂತುಗಳಿಗೆ ಪರದೆಯಿಂದ ತೆಗೆದ ಫೋಟೊಗಳ ಸಾಲಾದರೂ ಇದೆ. ಇದಕ್ಕೆ ಅದೂ ಇಲ್ಲ.

ಕಥೆ ನಡೆಯುವುದು 1572ರ ಆಗಸ್ಟಿನಲ್ಲಿ, ಪ್ಯಾರಿಸ್ಸಿನಲ್ಲಿ. ಹ್ಯೂಗೆನಾಟರ, ಅಂದರೆ ಫ್ರೆಂಚ್ ಪ್ರೊಟೆಸ್ಟಂಟರ, ಕಗ್ಗೊಲೆಗೆ ಇನ್ನು ಕೆಲವೇ ಗಂಟೆ. ಕಾಲದಲ್ಲಿ ಪಯಣಿಸುವ ಮುದುಕ ಡಾಕ್ಟರನಿಗೆ ಅದು ಗೊತ್ತು. ಆದರೂ ಆನ್ ಚಾಪ್ಲೆಟ್ ಎಂಬ ಹ್ಯೂಗೆನಾಟ್ ಕೆಲಸದ ಹುಡುಗಿಯನ್ನು ಜೊತೆಗೆ ಕರೆದೊಯ್ಯದೆ ಕಳಿಸಿಬಿಡುತ್ತಾನೆ. ಆಗಿಹೋದ ಇತಿಹಾಸಕ್ಕೆ ಕೈ ಹಾಕಬಾರದೆಂಬುದು ಅವನ ನೇಮ. ಅವಳ ಜೊತೆ ಅಡಗಿದ್ದ ಜೊತೆಗಾರ ಸ್ಟೀವನ್‌ಗೆ ಈ ನೇಮ ಬೇಡ, ಇಂಥವನ ಸಹವಾಸವೂ ಬೇಡ. ಕಾಲಯಂತ್ರ ಲಂಡನ್ನಿನಲ್ಲಿ ನಿಂತಾಗ ಸಿಟ್ಟಿನಿಂದ ಇಳಿದು ಹೋಗುತ್ತಾನೆ. ಆಗ ಬರುತ್ತದೆ ಆ ಸ್ವಗತ. ಮೊಮ್ಮಗಳು ಸೂಸನ್, ವಿಕಿ, ಬಾರ್ಬರಾ, ಇಯಾನ್: ಹಿಂದೆ ಜೊತೆಗಿದ್ದು ಬಿಟ್ಟುಹೋದ ಒಬ್ಬೊಬ್ಬರನ್ನೂ ನೆನೆಯುತ್ತಾನೆ. ತನ್ನ ನೆಲಕ್ಕೆ ಮರಳಲೇ ಎಂದು ಯೋಚಿಸಿ, ಆಗದೆಂದು ಸುಮ್ಮನಾಗುತ್ತಾನೆ.

ಡಾಕ್ಟರನಾಗಿದ್ದ ನಟ ವಿಲಿಯಂ ಹಾರ್ಟ್‌ನೆಲ್ ಅವರ ಆರೋಗ್ಯ ಆಗಲೇ ಕೆಡುತ್ತಿತ್ತು; 1966ರ ಅಕ್ಟೋಬರಿನಲ್ಲಿ ಪಾತ್ರ ಬಿಟ್ಟರು. ಆ ದನಿಯ ದಣಿವು ಪಾತ್ರದ್ದೋ ಅವರದೋ, ಕಣ್ಣು ಕಂಡಿದ್ದರೆ ತಿಳಿಯುತ್ತಿತ್ತು.

ಅಷ್ಟರಲ್ಲಿ ಡೋಡೋ ಚಾಪ್ಲೆಟ್ ಎಂಬ ಲಂಡನ್ ಹುಡುಗಿ ಒಳನುಗ್ಗುತ್ತಾಳೆ. ಅವಳ ಅಡ್ಡಹೆಸರು ಕೇಳಿ, ಆನ್ ಬದುಕಿದ್ದಿರಬಹುದೆಂದು ಮರಳಿ ಬಂದ ಸ್ಟೀವನ್‌ಗೆ ಆಸೆ ಚಿಗುರುತ್ತದೆ. ಗಾಯದ ರಕ್ತ ಆರುವ ಮುನ್ನವೇ ಹಚ್ಚಿದ ಈ ಮುಲಾಮು ನನಗೆ ಹಿಡಿಸಿಲ್ಲ. 2008ರ ಕಂತೊಂದರಲ್ಲಿ ಅದೇ ಡಾಕ್ಟರ್, ಜೊತೆಗಾತಿ ಡೋನಾ ಅತ್ತು ಬೇಡಿದಾಗ, ಪಾಂಪೆಯ ಬೆಂಕಿಯಿಂದ ಒಂದು ಕುಟುಂಬವನ್ನು ಉಳಿಸಿದ. ನೋಡಿ ನಾನೂ ಅತ್ತೆ. ಆದರೆ ಅತ್ತು ಮುಗಿದ ಮೇಲೆ ಮನಸ್ಸು ಹೋದದ್ದು ಪ್ಯಾರಿಸ್ಸಿನ ಆ ಬೀದಿಗೆ, ಯಾರೂ ಕೈ ಹಿಡಿಯದ ಆನ್ ಕಡೆಗೆ.

ಅಂದು ಟೀವಿ ಮುಂದೆ ಕೂತ ಮಕ್ಕಳಿಗೆ ಈಗ ಎಪ್ಪತ್ತರ ಆಸುಪಾಸು. ಆ ಮುಖ ಇನ್ನು ಎಲ್ಲಾದರೂ ಇದ್ದರೆ ಅವರ ನೆನಪಿನಲ್ಲಿ. ಅವರಲ್ಲಿ ಒಬ್ಬರು ಸಿಕ್ಕರೂ ಕೇಳಬೇಕು: ಅಷ್ಟೆಲ್ಲ ಹೇಳಿ ಸುಮ್ಮನಾದಾಗ ಆತ ಯಾವ ಕಡೆ ನೋಡುತ್ತಿದ್ದ?