ಚಹದ ಲಕೋಟೆಯ ಹೂವು

ಟೀ ಬ್ಯಾಗಿನ ಹೊರಲಕೋಟೆಯನ್ನು ನಾವು ಎಸೆಯುವುದಿಲ್ಲ. 1992ರಲ್ಲಿ ಹಾಲೆಂಡಿನ ಟೀನಿ ವಾನ್ ಡೆರ್ ಪ್ಲಾಸ್ ಎಂಬಾಕೆ ಇಂತಹ ಲಕೋಟೆಗಳನ್ನೇ ಮಡಚಿ ಶುಭಾಶಯ ಪತ್ರವನ್ನು ಅಲಂಕರಿಸಿದರು. ಆ ಕಲೆ ಈಗ ನಮ್ಮ ಮನೆಯದೂ ಆಗಿದೆ. ಮನೆಯೆಂದರೆ ಎರಡು ಮನೆ. ವರ್ಗಾವಣೆಯ ದೆಸೆಯಿಂದ ದಂಪತಿಗಳಾದ ನಮ್ಮಲ್ಲಿ ಒಬ್ಬರು ಕೊಚ್ಚಿಯಲ್ಲಿ, ಇನ್ನೊಬ್ಬರು ಮಗಳೊಡನೆ ತಿರುವನಂತಪುರದಲ್ಲಿ. ವಾರವಿಡೀ ಕೂಡಿಟ್ಟ ಲಕೋಟೆಗಳು ಶನಿವಾರ ಒಂದೆಡೆ ಸೇರುತ್ತವೆ.

ಒಂದೇ ಚಿತ್ರದ, ಒಂದೇ ಅಳತೆಯ ಎಂಟು ಚೌಕಗಳು ಬೇಕು. ಪ್ರತಿ ಚೌಕವನ್ನು ಎರಡು ಕರ್ಣಗಳಲ್ಲಿ ಒಂದು ದಿಕ್ಕಿಗೂ, ನಡುಗೆರೆಯಲ್ಲಿ ವಿರುದ್ಧ ದಿಕ್ಕಿಗೂ ಮಡಚಿ, ಪಕ್ಕಗಳನ್ನು ಒಳಕ್ಕೆ ದೂಡಿದರೆ ತ್ರಿಕೋನವಾಗುತ್ತದೆ. ಅದರ ತಳದ ಕೋನ 45 ಡಿಗ್ರಿ. ಒಂದರ ಸಂದಿಗೆ ಇನ್ನೊಂದನ್ನು ತೂರಿಸುತ್ತ ಹೋದರೆ ಎಂಟನೆಯದು ಮೊದಲನೆಯದನ್ನು ಮುಟ್ಟಿ ವೃತ್ತ ಮುಗಿಯುತ್ತದೆ. ಮಳೆಗಾಲದಲ್ಲಿ ಮಾತ್ರ ಕೇರಳದ ತೇವಕ್ಕೆ ಕಾಗದ ಮೆತ್ತಗಾಗಿ ಮಡಿಕೆ ನಿಲ್ಲದು. ದಪ್ಪ ಪುಸ್ತಕದಡಿ ಒಂದು ರಾತ್ರಿ ಇಡಬೇಕು. (ಎಂ.ಎ. ತರಗತಿಯ ಇಂಗ್ಲಿಷ್ ಸಂಪುಟಗಳಿಗೆ ಈಗ ಇದೇ ಉದ್ಯೋಗ.)

ಹೂವಿಗಿಂತ ನಮಗೆ ಮುಖ್ಯವಾದುದು ಒಳಗಿನ ಬರಹ. ಮಗಳಿಗೆ ಶಾಲೆಯಲ್ಲಿ ಮಲಯಾಳಂ, ಹಿಂದಿ, ಇಂಗ್ಲಿಷ್ ಉಂಟು, ಕನ್ನಡವಿಲ್ಲ. ಊರಿನ ಅಜ್ಜಿ ಓದಬಲ್ಲುದು ಕನ್ನಡವನ್ನಷ್ಟೇ. ಹೀಗಾಗಿ ಯುಗಾದಿಗೆ, ದೀಪಾವಳಿಗೆ ಈ ಪತ್ರದೊಳಗೆ ಮಾತ್ರ ಅವಳು ಕನ್ನಡ ಬರೆಯುತ್ತಾಳೆ. ಮಲಯಾಳಂ ಅಕ್ಷರಗಳಿಗೆ ತಲೆಕಟ್ಟಿಲ್ಲ. ಆ ರೂಢಿಯಲ್ಲಿ ಕನ್ನಡದ ತಲೆಕಟ್ಟನ್ನೂ ಬಿಟ್ಟುಬಿಡುತ್ತಾಳೆ. ನಾವು ತಿದ್ದುವುದಿಲ್ಲ. ಪತ್ರ ತಲುಪಿದ ದಿನ ಫೋನಿನಲ್ಲಿ ಅಜ್ಜಿಯೇ ಕೇಳುತ್ತಾರೆ: "ಹೂವು ಚೆಂದ ಉಂಟು ಪುಟ್ಟಿ, ತಲೆಕಟ್ಟು ಎಲ್ಲಿ ಬಿಟ್ಟೆ?"

ಕಳೆದ ಯುಗಾದಿಗೆ ಎರಡೇ ಸಾಲು ಬರೆದಿದ್ದಳು. ಈ ದೀಪಾವಳಿಗೆ ಒಳಗೆ ಜಾಗ ಸಾಲದೆ ಹಿಂಪುಟಕ್ಕೂ ಹೋಗಿದ್ದಾಳೆ.