ಗೋಡೆಯ ಮೇಲಿನ ಬಿಳಿ ಪೆಟ್ಟಿಗೆ

ನಮ್ಮ ಶಾಲೆಯ ಕಚೇರಿಯ ಹೊರಗೋಡೆಯಲ್ಲಿ, ನೋಟೀಸು ಬೋರ್ಡಿನ ಪಕ್ಕದಲ್ಲಿ, ಗಾಜಿನ ಬಾಗಿಲಿನ ಒಂದು ಬಿಳಿ ಪೆಟ್ಟಿಗೆಯಿದೆ. ಅದನ್ನು ಕೊಡಿಸಿದವರಲ್ಲಿ ಹಲವರು ಈ ಬರಹವನ್ನು ಓದುತ್ತೀರಿ. ಆ ಪೆಟ್ಟಿಗೆಯ ವಿಷಯದಲ್ಲಿ ನಾನು ನಿಮಗೊಂದು ತಪ್ಪೊಪ್ಪಿಗೆಯನ್ನು ಸಲ್ಲಿಸಬೇಕಾಗಿದೆ. ಇಂದು ಬರೆದೇನು, ನಾಳೆ ಬರೆದೇನು ಎಂದು ಮುಂದೂಡುತ್ತಲೇ ವರುಷ ಕಳೆದುಹೋಯಿತು.

ಅದಕ್ಕೂ ಮುನ್ನ ಹಳೆಯದೊಂದು ಸಂಗತಿ. 1996ರ ಮಾರ್ಚ್ ತಿಂಗಳು. ವಾರ್ಷಿಕ ಪರೀಕ್ಷೆಗಳು ನಡೆಯುತ್ತಿದ್ದವು. ನಮ್ಮ ಡ್ರಾಯಿಂಗ್ ಮೇಷ್ಟ್ರು ಸ್ಟಾಫ್ ರೂಮಿನಲ್ಲಿ ಉತ್ತರಪತ್ರಿಕೆಗಳ ಕಟ್ಟನ್ನು ಬಿಚ್ಚುತ್ತಿದ್ದವರು ಕುರ್ಚಿಯಿಂದ ಹಾಗೆಯೇ ಬಲಕ್ಕೆ ವಾಲಿ ನೆಲಕ್ಕುರುಳಿದರು. ನಾವು ಏಳು ಜನ ಅಧ್ಯಾಪಕರಿದ್ದೆವು. ಏಳೂ ಜನ ಪದವೀಧರರು! ಮುಖಕ್ಕೆ ನೀರು ಚಿಮುಕಿಸಿದೆವು, ಅಂಗಾಲು ತಿಕ್ಕಿದೆವು, ರಿಜಿಸ್ಟರಿನಿಂದ ಗಾಳಿ ಬೀಸಿದೆವು. ಅಡಿಕೆ ಮಂಡಿಯ ಜೀಪು ಬಂದು, ಹದಿನಾಲ್ಕು ಕಿಲೋಮೀಟರು ದೂರದ ತಾಲ್ಲೂಕು ಆಸ್ಪತ್ರೆ ಸೇರುವಾಗ ಮುಕ್ಕಾಲು ಗಂಟೆ ಕಳೆದಿತ್ತು. ವೈದ್ಯರು ಎದೆಯ ಮೇಲೆ ಸ್ಟೆತಸ್ಕೋಪ್ ಇಟ್ಟು, ನಮ್ಮತ್ತ ತಿರುಗಿ, ಏನೂ ಹೇಳದೆ ಅದನ್ನು ಮಡಿಸಿಕೊಂಡರು. ಜೀವಶಾಸ್ತ್ರದ ಪಾಠದಲ್ಲಿ ನಾಲ್ಕು ಕೋಣೆಗಳ ಹೃದಯವನ್ನು ವರ್ಷವರ್ಷವೂ ಬಣ್ಣದ ಸೀಮೆಸುಣ್ಣದಲ್ಲಿ ಬರೆಯುತ್ತಿದ್ದವನು ನಾನು. ಎದೆಯನ್ನು ಒತ್ತಬೇಕೆಂಬುದು ಮಾತ್ರ ನನಗೆ ಹೊಳೆಯಲಿಲ್ಲ.

ಇರಲಿ. 2021ರ ಅಕ್ಟೋಬರ್ 29ರಂದು ನಟ ಪುನೀತ್ ರಾಜ್‌ಕುಮಾರ್ ತಮ್ಮ ನಲವತ್ತಾರನೆಯ ವಯಸ್ಸಿನಲ್ಲಿ ತೀರಿಕೊಂಡಾಗ ಕನ್ನಡ ನಾಡೆಲ್ಲ ತಲ್ಲಣಿಸಿತಷ್ಟೆ. ನಿಮ್ಮಲ್ಲಿ ಹಲವರು ಅದೇ ವಯಸ್ಸಿನವರು. ಆ ತಲ್ಲಣದಲ್ಲಿಯೇ ನೀವೆಲ್ಲ ಹಣ ಕೂಡಿಸಿ ಡಿಸೆಂಬರಿನಲ್ಲಿ ಶಾಲೆಗೆ ಈ ಎ.ಇ.ಡಿ. ಯಂತ್ರವನ್ನು ಕಳುಹಿಸಿಕೊಟ್ಟಿರಿ. ಮುಂದೆ 2023ರಲ್ಲಿ ರಾಜ್ಯ ಸರ್ಕಾರವೂ ಪುನೀತರ ಹೆಸರಿನಲ್ಲಿ ‘ಹೃದಯ ಜ್ಯೋತಿ’ ಯೋಜನೆಯನ್ನು ತಂದು, ಸಾರ್ವಜನಿಕ ಸ್ಥಳಗಳಲ್ಲಿ ಇಂಥ ಯಂತ್ರಗಳನ್ನು ಇಡುವ ಮಾತನಾಡಿತು. ನಿವೃತ್ತಿಯ ನಂತರವೂ ಆಡಳಿತ ಮಂಡಳಿಯ ಕಚೇರಿಯಲ್ಲಿ ಕುಳಿತುಕೊಳ್ಳುವ ನನಗೆ ಯಂತ್ರದ ಉಸ್ತುವಾರಿ ಬಂತು. ವಾರಕ್ಕೊಮ್ಮೆ ನೋಡಿ ರಿಜಿಸ್ಟರಿನಲ್ಲಿ ಸಹಿ ಮಾಡುವುದು, ಅಷ್ಟೇ ಕೆಲಸ.

ಯಂತ್ರದ ಬಗ್ಗೆ ಎರಡು ಮಾತು. ಮೇಷ್ಟ್ರ ಚಟ, ಸಹಿಸಿಕೊಳ್ಳಿ. ಹಠಾತ್ತನೆ ಕುಸಿದ ಅನೇಕರಲ್ಲಿ ಹೃದಯ ಮೊದಲಿಗೆ ಪೂರ್ತಿ ನಿಂತಿರುವುದಿಲ್ಲ. ಮೇಷ್ಟ್ರಿಲ್ಲದ ತರಗತಿಯ ಹಾಗೆ ಅದರ ತಂತುಗಳೆಲ್ಲ ತಮಗೆ ತೋಚಿದಂತೆ ಅದುರುತ್ತಿರುತ್ತವೆ. ರಕ್ತ ಮಾತ್ರ ಮುಂದೆ ಹೋಗದು. ಯಂತ್ರದ ವಿದ್ಯುತ್ತು ಆ ಗದ್ದಲವನ್ನು ಒಂದು ಕ್ಷಣ ಪೂರ್ತಿ ನಿಲ್ಲಿಸುತ್ತದೆ. ಆಮೇಲೆ ಹೃದಯ ತನ್ನ ಸಹಜ ಲಯವನ್ನು ತಾನೇ ಹಿಡಿಯಬೇಕು. ಎರಡು ನೂರು ಜೂಲ್‌ನಷ್ಟು ಶಕ್ತಿಯೆಂದರೆ ಅರವತ್ತು ವ್ಯಾಟಿನ ಬಲ್ಬು ಮೂರು ಸೆಕೆಂಡು ಉರಿದಷ್ಟು, ಹೆಚ್ಚೇನಲ್ಲ! ಆದರೆ ಅದು ಸೆಕೆಂಡಿನ ಒಂದು ಸಣ್ಣ ತುಣುಕಿನಲ್ಲಿ ಹರಿಯಬೇಕು. ಎದೆಯನ್ನೂ ಒತ್ತದೆ ಸುಮ್ಮನೆ ನಿಂತರೆ, ತಡವಾದ ಒಂದೊಂದು ನಿಮಿಷಕ್ಕೂ ಬದುಕುವ ಸಾಧ್ಯತೆ ನೂರಕ್ಕೆ ಏಳರಿಂದ ಹತ್ತರಷ್ಟು ಕುಗ್ಗುತ್ತದೆ ಎನ್ನುತ್ತಾರೆ. ಹದಿನಾಲ್ಕು ಕಿಲೋಮೀಟರಿನ ಲೆಕ್ಕವನ್ನು ನೀವೇ ಮಾಡಿಕೊಳ್ಳಿ. 1965ರಲ್ಲಿ ಬೆಲ್‌ಫಾಸ್ಟಿನ ಫ್ರ್ಯಾಂಕ್ ಪ್ಯಾಂಟ್ರಿಜ್ ಎಂಬ ವೈದ್ಯರು ಇಂಥ ಯಂತ್ರವನ್ನು ಮೊದಲ ಬಾರಿಗೆ ಆಂಬುಲೆನ್ಸಿಗೆ ಏರಿಸಿದಾಗ ಅದು ಕಾರಿನ ಬ್ಯಾಟರಿಗಳಿಂದ ನಡೆಯುವ ಎಪ್ಪತ್ತು ಕಿಲೋ ತೂಕದ ಹೊರೆಯಾಗಿತ್ತಂತೆ. ನಮ್ಮದನ್ನು ಏಳನೆಯ ತರಗತಿಯ ಹುಡುಗಿ ಒಂದು ಕೈಯಲ್ಲಿ ಎತ್ತಿಕೊಂಡು ಓಡಬಲ್ಲಳು.

ಈಗ ತಪ್ಪಿನ ವಿಷಯ. ಮೊದಲ ವರ್ಷ ಬಂದವರಿಗೆಲ್ಲ ಯಂತ್ರವನ್ನು ತೋರಿಸುವುದೇ ನಮ್ಮ ಸಂಭ್ರಮವಾಗಿತ್ತು. ಮುಚ್ಚಳ ತೆಗೆದೊಡನೆ ಅದು ಇಂಗ್ಲಿಷಿನಲ್ಲಿ ಮಾತನಾಡತೊಡಗುತ್ತದೆ, ಬಂದವರು ಬೆರಗಾಗುತ್ತಾರೆ. ಪೋಷಕರು ಬಂದರೂ ತೆರೆದೆವು, ಶಿಕ್ಷಣ ಇಲಾಖೆಯವರು ಬಂದರೂ ತೆರೆದೆವು. ಮುಚ್ಚಳ ತೆರೆದಾಗಲೆಲ್ಲ ಬ್ಯಾಟರಿ ಸವೆಯುತ್ತದೆಂಬ ಸಾಮಾನ್ಯ ಜ್ಞಾನ, ಮೂವತ್ತನಾಲ್ಕು ವರ್ಷ ವಿಜ್ಞಾನ ಕಲಿಸಿದ ಈ ಮಹಾನುಭಾವನಿಗೆ ಬರಲಿಲ್ಲ.

2024ರ ಜೂನ್ ಕೊನೆಯ ವಾರ. ಮಲೆನಾಡಿನ ಮಳೆ ಹಿಡಿದಿತ್ತು. ಕಚೇರಿಯ ಹೊರಗೆ ಆಗಾಗ ಕಿರ್ ಎಂಬ ಸದ್ದು. ಜೀರುಂಡೆಯೆಂದೇ ಎಲ್ಲರೂ ತಿಳಿದೆವು. ನಮ್ಮ ಅಟೆಂಡರ್ ಪಾಪ, ಎರಡು ದಿನ ಹಂಚಿನ ಸಂದಿಯನ್ನೆಲ್ಲ ಹುಡುಕಿ, ಕೊನೆಗೆ ಸದ್ದು ಪೆಟ್ಟಿಗೆಯಿಂದ ಬರುತ್ತಿದೆಯೆಂದು ಕಂಡುಹಿಡಿದ. ಪರೀಕ್ಷೆ ಬರೆಯುವ ಮಕ್ಕಳಿಗೆ ತೊಂದರೆಯೆಂದು ಬ್ಯಾಟರಿಯನ್ನು ಕಳಚಿ, ಹಳೆಯ ಪತ್ರಿಕೆಯಲ್ಲಿ ಸುತ್ತಿ, ಮೇಜಿನ ಡ್ರಾಯರಿನಲ್ಲಿ ಜೋಪಾನವಾಗಿ ಇಟ್ಟ. ಯಂತ್ರ ತನ್ನ ಬ್ಯಾಟರಿ ಮುಗಿಯುತ್ತಿದೆಯೆಂದು ಕೂಗುತ್ತಿತ್ತು. ನಾವು ಅದರ ಬಾಯಿ ಮುಚ್ಚಿಸಿದೆವು.

ಆತನಿಗೆ ಯಾರೂ ಏನನ್ನೂ ಹೇಳಿಕೊಟ್ಟಿರಲಿಲ್ಲ. ನೋಡಬೇಕಾದವನು ನಾನು. ಆ ಮೂರು ಸೋಮವಾರಗಳಂದು ಮಳೆಯಲ್ಲಿ ನೆನೆದು ಬಂದು, ಕುರ್ಚಿಯಲ್ಲಿ ಕುಳಿತು, ಬಿಸಿ ಕಾಫಿ ಕುಡಿಯುತ್ತ, ಎದ್ದು ಹತ್ತು ಹೆಜ್ಜೆ ಹೋಗಿ ನೋಡದೆಯೇ ರಿಜಿಸ್ಟರಿನಲ್ಲಿ ‘ಸರಿಯಿದೆ’ ಎಂದು ಬರೆದು ಸಹಿ ಹಾಕಿದೆ.

ಜುಲೈಯಲ್ಲಿ ನಮ್ಮ ಹಳೆಯ ವಿದ್ಯಾರ್ಥಿನಿಯೊಬ್ಬಳು, ಮಂಗಳೂರಿನಲ್ಲಿ ನರ್ಸ್ ಆಗಿರುವವಳು, ಅಧ್ಯಾಪಕರಿಗೆ ತರಬೇತಿ ಕೊಡಲು ತಾನಾಗಿಯೇ ಬಂದಳು. ಎಲ್ಲರೂ ಸಭಾಂಗಣದಲ್ಲಿ ನೆರೆದರು. ಆಕೆ ಮುಚ್ಚಳ ತೆಗೆದಳು. ಯಂತ್ರ ಮಾತನಾಡಲಿಲ್ಲ. ಮಗುಚಿ ನೋಡಿ, “ಸಾರ್, ಬ್ಯಾಟರಿ ಎಲ್ಲಿ?” ಎಂದಳು. ಪ್ಯಾಡುಗಳ ಪೊಟ್ಟಣದ ಮೇಲಿನ ದಿನಾಂಕವನ್ನೂ ಓದಿದಳು. ಅವುಗಳ ಅವಧಿ ಆ ವರ್ಷದ ಫೆಬ್ರವರಿಗೇ ಮುಗಿದಿತ್ತು. ಪ್ಯಾಡಿನ ಅಂಟು ಒಣಗಿದರೆ ಎದೆಗೆ ಸರಿಯಾಗಿ ಹಿಡಿಯದು, ವಿದ್ಯುತ್ತೂ ಸರಿಯಾಗಿ ಹಾಯದು ಎಂದು ವಿವರಿಸಿದಳು. ಆಮೇಲೆ ರಿಜಿಸ್ಟರ್ ಕೇಳಿದಳು.

ಈಕೆ ಹತ್ತನೆಯ ತರಗತಿಯಲ್ಲಿದ್ದಾಗ ಲೋಲಕದ ಪ್ರಯೋಗವನ್ನು ಮಾಡದೆಯೇ ಗೆಳತಿಯ ಪುಸ್ತಕ ನೋಡಿ ಅಂಕಿಗಳನ್ನು ತುಂಬಿದ್ದಳು. ಇಡೀ ತರಗತಿಯ ಎದುರಿಗೆ ಆ ಹಾಳೆಯನ್ನು ಹರಿದು, “ನೋಡದ್ದನ್ನು ಬರೆಯುವುದು ಸುಳ್ಳು ಹೇಳುವುದಕ್ಕೆ ಸಮ” ಎಂದು ಗುಡುಗಿದ್ದವನು ನಾನೇ. ಆಕೆಗೆ ಅದು ನೆನಪಿತ್ತೋ ಇಲ್ಲವೋ, ನಾನು ಕೇಳಲಿಲ್ಲ. ಸಾಲುಸಾಲಾಗಿದ್ದ ನನ್ನ ಸಹಿಗಳ ಮೇಲೆ ಕಣ್ಣಾಡಿಸಿ, ರಿಜಿಸ್ಟರನ್ನು ಮೆಲ್ಲನೆ ಮುಚ್ಚಿ, “ಪರವಾಗಿಲ್ಲ ಸಾರ್, ಇವತ್ತು ಎದೆ ಒತ್ತುವುದನ್ನು ಕಲಿಯೋಣ” ಎಂದಳು. ಬೈದಿದ್ದರೆ ಚೆನ್ನಾಗಿತ್ತು.

ಆ ಮೂರು ವಾರಗಳಲ್ಲಿ ಯಾರಿಗೂ ಏನೂ ಆಗಲಿಲ್ಲ. ಹಾಗೆಂದು ನನಗೆ ಸಮಾಧಾನವಿಲ್ಲ. ಆ ರಾತ್ರಿ ಡ್ರಾಯಿಂಗ್ ಮೇಷ್ಟ್ರು ಕನಸಿಗೆ ಬಂದರು ಎಂದು ಬರೆದರೆ ಕಥೆ ಚೆನ್ನಾಗಿರುತ್ತಿತ್ತು. ಬರಲಿಲ್ಲ. ನಿದ್ದೆಯೇ ಬರಲಿಲ್ಲ.

ಹೊಸ ಬ್ಯಾಟರಿ, ಪ್ಯಾಡುಗಳಿಗೆ ಮಂಡಳಿಯಲ್ಲಿ ಹಣ ಕೇಳಿದಾಗ ಸದಸ್ಯರೊಬ್ಬರು, “ಒಂದು ದಿನವೂ ಉಪಯೋಗಿಸದ ವಸ್ತುವಿಗೆ ಮತ್ತೆ ಖರ್ಚೇ?” ಎಂದರು. ಪ್ರಶ್ನೆ ಸಹಜವೇ. ನಾನು ವಾದಕ್ಕಿಳಿಯದೆ ರಿಜಿಸ್ಟರನ್ನು ಅವರ ಮುಂದಿಟ್ಟು ನಡೆದದ್ದನ್ನು ಹೇಳಿದೆ. ಹಣ ಮಂಜೂರಾಯಿತು.

ಈಗ ಬೆಳಿಗ್ಗೆ ಕಚೇರಿಯ ಬೀಗ ತೆಗೆಯುವ ಮೊದಲು ಅಟೆಂಡರ್ ಗಾಜಿನ ಮುಂದೆ ನಿಂತು ಹಸಿರು ದೀಪ ಮಿಟುಕುವುದನ್ನು ನೋಡುತ್ತಾನೆ. ಸದ್ದು ಬಂದರೆ ಯಾರಿಗೆ ಫೋನ್ ಮಾಡಬೇಕೆಂದು ಅವನಿಗೆ ಗೊತ್ತು. ಯಂತ್ರ ತನ್ನನ್ನು ತಾನು ಪರೀಕ್ಷಿಸಿಕೊಳ್ಳುತ್ತದೆ, ನಿಜ. ಫಲಿತಾಂಶವನ್ನು ಯಾರಾದರೂ ಓದಬೇಕಲ್ಲ! ಪ್ಯಾಡು, ಬ್ಯಾಟರಿಗಳ ಅವಧಿಯನ್ನು ದೊಡ್ಡ ಅಕ್ಷರಗಳಲ್ಲಿ ಬರೆದು ಹೊರಗೆ ಅಂಟಿಸಿದ್ದೇವೆ. ಪೆಟ್ಟಿಗೆಗೆ ಬೀಗವಿಲ್ಲ. ಒಳಗೆ ಕತ್ತರಿಯಿದೆ, ಎದೆಯ ಕೂದಲು ತೆಗೆಯಲು ರೇಜರ್ ಇದೆ, ಬೆವರು ಒರೆಸಲು ಒಣ ಬಟ್ಟೆಯಿದೆ. ಮಳೆಗಾಲದಲ್ಲಿ ಆ ಬಟ್ಟೆ ಮುಗ್ಗಲು ಹಿಡಿಯುವುದರಿಂದ ತಿಂಗಳಿಗೊಮ್ಮೆ ಬದಲಾಯಿಸಬೇಕು. ಇಂಗ್ಲಿಷಿನ ಸೂಚನೆಗಳನ್ನು ಕನ್ನಡಕ್ಕೆ ಮಾಡಿ ಬಾಗಿಲಿಗೆ ಹಚ್ಚಿದ್ದೇನೆ. 108ಕ್ಕೆ ಕರೆ ಮಾಡುವುದೇ ಅದರ ಮೊದಲ ಸಾಲು. ಬಂದವರಿಗೆ ತೋರಿಸಲು ಮುಚ್ಚಳ ತೆರೆಯುವುದನ್ನು ನಿಲ್ಲಿಸಿದ್ದೇವೆ.

ಸೋಮವಾರದ ಸಹಿ ಈಗಲೂ ನನ್ನದೇ. ರಿಜಿಸ್ಟರನ್ನು ಕಚೇರಿಯಿಂದ ತೆಗೆದು ಆ ಪೆಟ್ಟಿಗೆಯ ಕೆಳಗೇ ದಾರ ಕಟ್ಟಿ ತೂಗುಹಾಕಿದ್ದೇವೆ. ಕುಳಿತು ಬರೆಯಲು ಅಲ್ಲಿ ಕುರ್ಚಿಯಿಲ್ಲ. ಈಗಿನ ಪ್ಯಾಡುಗಳ ಅವಧಿ 2027ರ ಮಾರ್ಚ್‌ವರೆಗೆ ಇದೆ. ಆಗ ಬೆಂಗಳೂರಿನಿಂದ ಹೊಸದನ್ನು ತರಿಸಿಕೊಡುವವರು ಯಾರೆಂದು ನಿಮ್ಮಲ್ಲೇ ಈಗಲೇ ಮಾತಾಡಿಕೊಂಡು ನನಗೆ ತಿಳಿಸಿ.