ಅಡ್ಡ ಬಿದ್ದ ಮರದ ಈಚೆ

ದಾರಿಗೆ ಅಡ್ಡವಾಗಿ ಮರ ಬಿದ್ದಿದೆ ಎಂದರೆ ಸಿನಿಮಾದಲ್ಲಿ ಏನರ್ಥವೆಂದು ನಿಮಗೆ ನಾನು ಬಿಡಿಸಿ ಹೇಳಬೇಕಾಗಿಲ್ಲ. ಘಾಟಿ ರಸ್ತೆ... ತಿರುವು... ಹೀರೋ ಜೀಪಿಗೆ ಬ್ರೇಕ್ ಹಾಕುತ್ತಾನೆ. ಪೊದೆಯ ಹಿಂದಿನಿಂದ ವಿಲನ್ ಕಡೆಯ ಎಂಟು ಜನ ದಾಂಡಿಗರು ಲುಂಗಿ ಎತ್ತಿ ಕಟ್ಟಿಕೊಂಡು ಇಳಿಯುತ್ತಾರೆ. ಆಮೇಲೆ ಡಿಶುಂ ಡಿಶುಂ! ಅಂಥ ದೃಶ್ಯಕ್ಕೆ ನಾನು ಎಷ್ಟು ಸಲ ಸಿಳ್ಳೆ ಹೊಡೆದಿದ್ದೇನೋ ಲೆಕ್ಕವಿಲ್ಲ. ಆದರೆ ಸ್ವಾಮಿ, ೨೦೨೦ರ ಮಾರ್ಚ್ ೨೫ರ ಬೆಳಿಗ್ಗೆ, ಯುಗಾದಿ ಹಬ್ಬದ ದಿನ, ಕಳಸದಿಂದ ಒಳಗಿರುವ ನಮ್ಮೂರ ತಿರುವಿಗೆ ಸಿಲ್ವರ್ ಮರದ ದಿಮ್ಮಿ ಎಳೆದು ಹಾಕಿದ ಜೀಪು ನನ್ನದು. ಸ್ಟಿಯರಿಂಗ್ ಹಿಡಿದವನೂ ನಾನೇ. ಅಂದಮೇಲೆ ಆ ಸೀನಿನಲ್ಲಿ ನಾನು ಯಾರ ಕಡೆಯವನು ಅಂತ ನೀವೇ ಲೆಕ್ಕ ಹಾಕಿ!

ನನ್ನ ಕಸುಬು ಹೇಳಿಬಿಡುತ್ತೇನೆ. ಹೊರನಾಡಿಗೆ ದೇವರ ದರ್ಶನಕ್ಕೆ ಬಂದವರನ್ನು ಕ್ಯಾತನಮಕ್ಕಿ ಗುಡ್ಡ ಹತ್ತಿಸುವುದು, ಕುದುರೆಮುಖ ಶಿಖರ ಹತ್ತಲು ಬರುವ ಹುಡುಗರನ್ನು ಸಂಸೆ ಕಡೆಯಿಂದ ಮುಳ್ಳೋಡಿಗೆ ಮುಟ್ಟಿಸುವುದು. ಕಾರು ಹೋಗದ ಕಲ್ಲು ದಾರಿಯಲ್ಲಿ ಜೀಪು ಕುಣಿಯುತ್ತಾ ಹೋಗುವಾಗ ಹಿಂದಿನ ಸೀಟಿನಿಂದ 'ಅಯ್ಯಯ್ಯೋ' ಎಂಬ ಕೂಗು ಬರುತ್ತದಲ್ಲ, ಅದೇ ನಮ್ಮ ಅನ್ನ. ಸೆಕೆಂಡ್ ಹ್ಯಾಂಡ್ ಜೀಪು, ಸಾಲದ ಜೀಪು. ೨೦೧೯ರ ಆಗಸ್ಟ್ ಮಳೆಗೆ ಮೂಡಿಗೆರೆ, ಕಳಸದ ಕಡೆ ಗುಡ್ಡ ಕುಸಿದು, ಚಾರ್ಮಾಡಿ ಘಾಟಿ ಬಂದ್ ಆಗಿ, ಆ ವರ್ಷದ ಅರ್ಧ ಸೀಸನ್ನು ಭದ್ರಾ ನದಿಯಲ್ಲಿ ತೇಲಿಹೋಗಿತ್ತು. ಹೋದರೆ ಹೋಗಲಿ, ಬೇಸಿಗೆ ರಜೆಗೆ ಜನ ಬಂದೇ ಬರುತ್ತಾರೆ ಅಂತ ಕಾಯುತ್ತಿದ್ದೆ.

ಬೇಸಿಗೆಗೆ ಮೊದಲು ಜೀಪಿನ ಗೇರ್‌ಬಾಕ್ಸಿಗೆ ಒಂದು ಸಾಮಾನು ಬೇಕಾಗಿತ್ತು. ಹುಡುಕಿಕೊಂಡು ಬೆಂಗಳೂರಿಗೆ ಹೋದೆ. ಅಲ್ಲಿ ನನ್ನ ಗೆಳೆಯನಿದ್ದಾನೆ. ಹೆಸರು ಬೇಡ, ಊರಲ್ಲಿ ನಾವು ಅವನನ್ನು ಕರೆಯುವುದು 'ಸೆಕೆಂಡ್ ಶೋ' ಅಂತ. ಮೊದಲನೇ ಆಟ ನೋಡಿ ಆಚೆ ಬಂದು, ಅದೇ ಚಿತ್ರದ ಎರಡನೇ ಆಟಕ್ಕೆ ಮತ್ತೆ ಕ್ಯೂ ನಿಲ್ಲುವ ಪ್ರಾಣಿ. ಅವನು ಹೋಟೆಲೊಂದರಲ್ಲಿ ದೋಸೆ ಭಟ್ಟ. ಮಾರ್ಚ್ ೧೩, ಶುಕ್ರವಾರ. ಹಿಂದಿನ ದಿನ ತಾನೇ ಬಿಡುಗಡೆಯಾಗಿದ್ದ 'ಶಿವಾರ್ಜುನ' ನೋಡಲು ಇಬ್ಬರೂ ಕೆಂಪೇಗೌಡ ರಸ್ತೆಗೆ ಹೋದೆವು. ಚಿರಂಜೀವಿ ಸರ್ಜಾ ತೆರೆ ಮೇಲೆ ಬಂದಾಗ ನಮ್ಮವನು ಕುರ್ಚಿ ಮೇಲೆ ಹತ್ತಿ ನಿಂತು ಹರಿದ ಪೇಪರು ತೂರಿದ. ಆ ಪೇಪರಿನಲ್ಲಿ ಏನು ಸುದ್ದಿ ಇತ್ತೋ ಓದಿದ್ದರೆ ಚೆನ್ನಾಗಿತ್ತು! ಅದೇ ದಿನ ಮುಖ್ಯಮಂತ್ರಿ ಯಡಿಯೂರಪ್ಪನವರು ಮಾರನೇ ದಿನದಿಂದ ಒಂದು ವಾರ ರಾಜ್ಯದ ಥಿಯೇಟರು, ಮಾಲು, ಮದುವೆ ಗಲಾಟೆ ಎಲ್ಲಾ ಬಂದ್ ಅಂತ ಪ್ರಕಟಿಸಿದ್ದರು. ಒಂದು ವಾರ ಅಂದದ್ದು ಅಕ್ಟೋಬರ್ ೧೫ರವರೆಗೆ ಎಳೆಯಿತು. ಏಳು ತಿಂಗಳು ಇಂಟರ್‌ವಲ್!

೧೪ನೇ ತಾರೀಖು ನಾನು ಬಸ್ಸು ಹತ್ತಿ ಊರಿಗೆ ಬಂದೆ. ಯಾರೂ ನನ್ನನ್ನು ಏನೂ ಕೇಳಲಿಲ್ಲ. ಈ ತಾರೀಖು ನೆನಪಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತದೆ.

ಆಮೇಲಿನದು ನಿಮಗೆಲ್ಲ ಗೊತ್ತು. ಮುಳ್ಳಯ್ಯನಗಿರಿ, ಬಾಬಾಬುಡನ್‌ಗಿರಿಗೆ ಪ್ರವಾಸಿಗರು ಬರಬಾರದು ಅಂತ ಆಯಿತು. ಟ್ರೆಕ್ಕಿಂಗು ನಿಂತಿತು, ಅನ್ನಪೂರ್ಣೇಶ್ವರಿಯ ದರ್ಶನವೂ ನಿಂತಿತು. ೨೨ಕ್ಕೆ ಜನತಾ ಕರ್ಫ್ಯೂ, ೨೪ರ ರಾತ್ರಿ ಎಂಟಕ್ಕೆ ಟೀವಿಯಲ್ಲಿ ಪ್ರಧಾನಿ ಮೋದಿ, ಅಂದು ನಡುರಾತ್ರಿಯಿಂದ ಇಡೀ ದೇಶಕ್ಕೆ ೨೧ ದಿನ ಬೀಗ. ಸರ್ಕಾರದ ಬೀಗ ಸಾಲದೆಂದು ನಾವು ಊರಿನವರು ನಮ್ಮದೂ ಒಂದು ಜಡಿದೆವು, ಅದೇ ಸಿಲ್ವರ್ ದಿಮ್ಮಿ. ಹಾಗೆ ಮಾಡಿದ್ದು ನಮ್ಮೂರು ಮಾತ್ರವಲ್ಲ. ರಾಜ್ಯದ ಎಷ್ಟೋ ಹಳ್ಳಿಗಳಲ್ಲಿ ಮುಳ್ಳು, ಕಲ್ಲು, ಮರ ಹಾಕಿ ದಾರಿ ಮುಚ್ಚಿದ್ದರು. ಆಗ ಚಿಕ್ಕಮಗಳೂರು ಜಿಲ್ಲೆಯಲ್ಲಿ ಒಂದೇ ಒಂದು ಕೇಸೂ ಇರಲಿಲ್ಲ. ಮೊದಲ ಕೇಸುಗಳು ಬಂದದ್ದು ಮೇ ೧೯ಕ್ಕೆ. ಹಾಗಾಗಿ ನಮಗೆಲ್ಲ ಒಂದು ನಂಬಿಕೆ ಕೂತಿತ್ತು. ರೋಗ ಅಂದರೆ ಬೆಂಗಳೂರು, ಬೆಂಗಳೂರು ಅಂದರೆ ರೋಗ.

ಯುಗಾದಿಯ ಸಂಜೆ ಐದೂವರೆಗೆ ಬೈಕಿನ ಸದ್ದು ಕೇಳಿಸಿತು. ಸದ್ದಿನಲ್ಲೇ ನನಗೆ ಯಾರೆಂದು ತಿಳಿಯಿತು. ಸೆಕೆಂಡ್ ಶೋ! ಬೆಳಗಿನ ಜಾವ ನಾಲ್ಕಕ್ಕೆ ಬೆಂಗಳೂರು ಬಿಟ್ಟು, ಹಾಸನ, ಬೇಲೂರು, ಮೂಡಿಗೆರೆ, ಕೊಟ್ಟಿಗೆಹಾರ ಅಂತ ಮುನ್ನೂರು ಚಿಲ್ಲರೆ ಕಿಲೋಮೀಟರು ಬಂದಿದ್ದಾನೆ. ದಾರಿಯಲ್ಲಿ ಎಲ್ಲೋ ಲಾಠಿ ಏಟು ತಿಂದಿದ್ದಾನೆ, ಎಲ್ಲೂ ಒಂದು ಲೋಟ ಟೀ ಸಿಕ್ಕಿಲ್ಲ. ಹೋಟೆಲು ಮುಚ್ಚಿದ ಮೇಲೆ ರೂಮಿನಲ್ಲಿ ಕೂತು ಏನು ತಿನ್ನುವುದು, ಹೇಳಿ? ಮರದ ಆಚೆ ಬೈಕು ನಿಲ್ಲಿಸಿ, ಹೆಲ್ಮೆಟ್ ತೆಗೆದು, ನನ್ನನ್ನು ನೋಡಿ ನಕ್ಕ.

"ಎಂತ ಮಾರಾಯ, ಶೂಟಿಂಗಾ?" ಅಂದ.

ಯಾರೂ ನಗಲಿಲ್ಲ. ಈಚೆ ನಾವು ಹನ್ನೊಂದು ಜನ ಇದ್ದೆವು. ಹಿರಿಯರೊಬ್ಬರು, "ಬೆಂಗಳೂರಿಂದ ಬಂದು ಹದ್ನಾಲ್ಕು ದಿನ ಆಗದವ್ರು ಊರೊಳಗೆ ಬರೋ ಹಂಗಿಲ್ಲ. ಯಾರಾದ್ರೂ ಸೈ" ಅಂದರು.

ಅವನು ನನ್ನ ಕಡೆ ನೋಡಿದ. ನೀವೇ ಬೆರಳು ಮಡಚಿ ಎಣಿಸಿ. ನಾನು ಬಂದದ್ದು ೧೪ಕ್ಕೆ, ಅವತ್ತು ೨೫. ಹನ್ನೊಂದೇ ದಿನ! ಆ ಲೆಕ್ಕಕ್ಕೆ ನನ್ನದೇ ಇನ್ನೂ ಮೂರು ದಿನ ಬಾಕಿ ಇತ್ತು. ಬಾಲ್ಕನಿಯಲ್ಲಿ ಪಕ್ಕದ ಸೀಟಿನಲ್ಲಿ ಕೂತು, ಒಂದೇ ಪೊಟ್ಟಣದ ಕಡಲೇಕಾಯಿ ತಿಂದವನಿಗೆ ಆ ಲೆಕ್ಕ ಗೊತ್ತಿಲ್ಲವೇ? ಒಂದು ಮಾತು ಅವನು ಆಡಿದ್ದರೆ ನಾನೂ ಮರದ ಆಚೆ ಹೋಗಬೇಕಾಗಿತ್ತು. ನನ್ನ ಎದೆ ಜೀಪಿನ ಹಳೇ ಇಂಜಿನ್ನಿನ ಹಾಗೆ ಬಡಿದುಕೊಂಡಿತು. ಅವನು ಆಡಲಿಲ್ಲ. ನಾನು... ನಾನು ಏನಂದೆ ಗೊತ್ತೇ? "ರೂಲ್ಸು ಅಂದ್ಮೇಲೆ ರೂಲ್ಸು ಕಣೋ" ಅಂದೆ. ಬಾಯಿ ಮುಚ್ಚಿಕೊಂಡಿದ್ದರೂ ಆಗುತ್ತಿತ್ತು. ವಿಲನ್‌ಗಾದರೂ ಒಂದು ಗತ್ತಿರುತ್ತದೆ. ಇದು ವಿಲನ್ ಹಿಂದೆ ನಿಂತು ಹಲ್ಲುಗಿಂಜುವ ಚಮಚಾ ಪಾತ್ರ!

ಅವರ ತೋಟದ ಮೇಲ್ತುದಿಯಲ್ಲಿ, ಕಾಡಿನ ಅಂಚಿಗೆ, ಹಾಳುಬಿದ್ದ ಏಲಕ್ಕಿ ಮನೆಯೊಂದಿದೆ. ಅಲ್ಲಿರು ಅಂತ ತೀರ್ಮಾನವಾಯಿತು. ಬೈಕನ್ನು ಅಲ್ಲೇ ಬಿಟ್ಟು, ಬ್ಯಾಗು ಹೊತ್ತು, ಊರನ್ನು ಬಳಸಿಕೊಂಡು ಗುಡ್ಡ ಹತ್ತಿದ. ಅವನ ತಾಯಿ ಒಬ್ಬಟ್ಟಿನ ಡಬ್ಬಿ ಹಿಡಿದು ಓಡಿ ಬರುವಷ್ಟರಲ್ಲಿ ತಿರುವಿನಲ್ಲಿ ಮರೆಯಾಗಿದ್ದ.

ನಮ್ಮಜ್ಜಿಗೆ ಇದು ವಿಚಿತ್ರವಾಗಿ ಕಂಡಿತು. ಮಲೆನಾಡಿನವರಿಗೆ ರೋಗಕ್ಕೆ ದಾರಿ ಮುಚ್ಚುವುದು ಹೊಸದಲ್ಲ. ೧೯೫೭ರಲ್ಲಿ ಸೊರಬದ ಕ್ಯಾಸನೂರು ಕಾಡಿನಲ್ಲಿ ಮಂಗಗಳು ಸತ್ತು ಬಿದ್ದು ಮಂಗನ ಕಾಯಿಲೆ ಗೊತ್ತಾದ ಮೇಲೆ, ಶಿವಮೊಗ್ಗ ಸೀಮೆಯಲ್ಲೂ ನಮ್ಮ ಜಿಲ್ಲೆಯ ಕೊಪ್ಪ, ನರಸಿಂಹರಾಜಪುರದ ಕಡೆಯೂ ಬೇಸಿಗೆ ಬಂತೆಂದರೆ ಕಾಡಿಗೆ ಹೋಗಬೇಡಿ ಅಂತ ಸಾರುತ್ತಾರೆ. ಸತ್ತ ಮಂಗನ ಮೈಯಿಂದ ಉದುರಿದ ಉಣುಗು ಕಚ್ಚಿದರೆ ಆ ಜ್ವರ. ಸೊಪ್ಪು, ಸೌದೆಗೆ ಹೋಗುವವರು ಮೈಗೆ ಎಣ್ಣೆ ಹಚ್ಚಿಕೊಂಡು ಹೋಗಬೇಕು. ಅಜ್ಜಿ ಅಂದಳು: "ಆಗ ಕಾಡಿಗೆ ಹೋಗ್ಬೇಡ, ಊರಲ್ಲಿರು ಅಂತಿದ್ರು. ಈಗ ಊರಿಗೆ ಬರ್ಬೇಡ, ಕಾಡಲ್ಲಿರು ಅಂತೀರಿ. ಆ ಹುಡುಗನಿಗೆ ಉಣುಗು ಕಚ್ಚಿದ್ರೆ ಯಾರು ಕೇಳೋರು?" ಯಾರ ಹತ್ತಿರವೂ ಉತ್ತರವಿರಲಿಲ್ಲ. ನಾನು ಹರಳೆಣ್ಣೆ ಬಾಟಲಿ ಕೊಂಡೊಯ್ದು ಕೊಟ್ಟೆ. ಉಣುಗಿಗೆ ಅದರಿಂದ ಏನೂ ಆಗುವುದಿಲ್ಲವಂತೆ, ಇರಲಿ.

ಊಟ ಮುಟ್ಟಿಸುವ ಕೆಲಸ ನಾನೇ ಕೇಳಿ ಹಾಕಿಸಿಕೊಂಡೆ. ದಿನಾ ಮಧ್ಯಾಹ್ನ ಬಂಡೆಯ ಮೇಲೆ ಕ್ಯಾರಿಯರ್ ಇಟ್ಟು ಇಪ್ಪತ್ತು ಮಾರು ಹಿಂದೆ ಸರಿದು ನಿಲ್ಲುವುದು. ಅವನು ಬಂದು ಎತ್ತಿಕೊಳ್ಳುವುದು. ಮೊದಲೆರಡು ದಿನ ಮಾತಿಲ್ಲ. ಮೂರನೇ ದಿನ, "ಟೀವೀಲಿ ಎಂತ ಹಾಕಿದಾರೆ?" ಅಂತ ಕೂಗಿದ. ಅಲ್ಲಿ ಮೊಬೈಲಿಗೆ ಸಿಗ್ನಲ್ಲೂ ಇಲ್ಲ, ಚಾರ್ಜೂ ಇಲ್ಲ. ಅಷ್ಟರಲ್ಲಿ ದೂರದರ್ಶನದಲ್ಲಿ ಹಳೇ ರಾಮಾಯಣ ಮತ್ತೆ ಶುರುವಾಗಿತ್ತು, ಕನ್ನಡ ಚಾನೆಲ್ಲುಗಳು ಅಣ್ಣಾವ್ರ ಚಿತ್ರಗಳನ್ನು ಒಂದರ ಹಿಂದೆ ಒಂದು ಬಿಡುತ್ತಿದ್ದವು. ನಾನು ದಿನಾ ನೋಡಿದ ಸಿನಿಮಾದ ಕಥೆಯನ್ನು ಇಪ್ಪತ್ತು ಮಾರು ದೂರದಿಂದ ಗಂಟಲು ಹರಿದುಕೊಂಡು ಹೇಳುವುದು. ಹೀರೋಯಿನ್ ಅಳುವ ಸೀನನ್ನು ಕೂಗಿ ಹೇಳುವ ಕಷ್ಟ ಯಾವ ಶತ್ರುವಿಗೂ ಬೇಡ!

ಅದೇ ದಿನಗಳಲ್ಲಿ ಹೂಮಳೆ ಬಿದ್ದು ಕಾಫಿ ಅರಳಿತು. ಗಿಡದ ರೆಂಬೆ ರೆಂಬೆಗೂ ಹಿಮ ಸುರಿದ ಹಾಗೆ ಬಿಳಿ, ಮಲ್ಲಿಗೆಯಂಥ ಪರಿಮಳ, ಎರಡು ಮೂರು ದಿನದ ವೈಭವ. ಬೇರೆ ವರ್ಷವಾಗಿದ್ದರೆ ತೋಟದ ಬೇಲಿ ಪಕ್ಕ ಕಾರು ನಿಲ್ಲಿಸಿ ಫೋಟೋ ತೆಗೆಯುವವರ ಸಾಲು. ಆ ಸಲ ಜೇನುಹುಳ ಬಿಟ್ಟರೆ ಬೇರೆ ಗಿರಾಕಿ ಇರಲಿಲ್ಲ. ನನ್ನ ಜೀಪು ಕೊಟ್ಟಿಗೆಯಲ್ಲಿ ಕೋಳಿಗಳಿಗೆ ಮನೆಯಾಗಿತ್ತು.

ಏಪ್ರಿಲ್ ೫ರ ರಾತ್ರಿ ಒಂಬತ್ತಕ್ಕೆ ಒಂಬತ್ತು ನಿಮಿಷ ಲೈಟು ಆರಿಸಿ ದೀಪ ಹಚ್ಚಿದೆವಲ್ಲ, ನೆನಪಿದೆಯೇ? ಅಂಗಳದಲ್ಲಿ ಹಣತೆ ಇಟ್ಟು ತಲೆ ಎತ್ತಿದೆ. ಕಪ್ಪು ಗುಡ್ಡದ ತುದಿಯಲ್ಲಿ ಒಂದೇ ಒಂದು ಚಿಮಣಿ ಬುಡ್ಡಿಯ ಬೆಳಕು. ಅವನಿಗೆ ಈ ಸುದ್ದಿ ಹೇಳಲು ನಾನು ಮರೆತಿದ್ದೆ. ಅವನು ಯಾರಿಗೂ ದೀಪ ತೋರಿಸುತ್ತಿರಲಿಲ್ಲ, ದಿನಾ ಹಾಗೇ ಕೂತಿರುತ್ತಿದ್ದ, ಅಷ್ಟೆ. ಆ ರಾತ್ರಿ ನನಗೆ ಅನ್ನ ಸೇರಲಿಲ್ಲ.

೮ಕ್ಕೆ ಇಳಿದು ಬಂದ. ಗಡ್ಡ ಬೆಳೆದಿತ್ತು, ಕಾಲ ತುಂಬ ಉಂಬಳ, ಉಣುಗು ಕಚ್ಚಿದ ಗುರುತು. ಜ್ವರ ಇಲ್ಲ, ಕೆಮ್ಮಿಲ್ಲ. ಆಮೇಲೆ ತಿಂಗಳುಗಟ್ಟಲೆ ತೋಟದಲ್ಲಿ ಮರಗಸಿ ಮಾಡಿದ. ನನ್ನ ಸಾಲದ ಕಂತಿಗೆ ರಿಸರ್ವ್ ಬ್ಯಾಂಕಿನವರು ಆಗಸ್ಟ್ ಕೊನೆಯವರೆಗೆ ವಿನಾಯಿತಿ ಕೊಟ್ಟರು. ಬಡ್ಡಿಗೆ ಮಾತ್ರ ರಜೆಯಿಲ್ಲ. ಆಟೋ, ಟ್ಯಾಕ್ಸಿ ಚಾಲಕರಿಗೆ ಸರ್ಕಾರ ಐದು ಸಾವಿರ ಘೋಷಿಸಿತು. ನನ್ನ ಜೀಪಿಗೆ ಬಿಳಿ ಬೋರ್ಡು, ಅರ್ಜಿ ಹಾಕುವ ಬಾಯಿಯೇ ಇಲ್ಲ! ಜೂನ್ ೭ರ ಸಂಜೆ ಇಬ್ಬರೂ ಅವರ ಮನೆ ಟೀವಿ ಮುಂದಿದ್ದೆವು. ಚಿರಂಜೀವಿ ಸರ್ಜಾ ಹೃದಯಾಘಾತದಿಂದ ತೀರಿಕೊಂಡರು ಎಂಬ ಸುದ್ದಿ. ಇನ್ನೂ ನಲವತ್ತು ತುಂಬದ ಮನುಷ್ಯ. ಅವರು ಬದುಕಿದ್ದಾಗ ತೆರೆಕಂಡ ಕೊನೆಯ ಚಿತ್ರಕ್ಕೆ ನಾವು ಪೇಪರು ತೂರಿ ಬಂದಿದ್ದೆವು. ಅವನು ತಲೆ ಎತ್ತದೆ, "ಅವತ್ತು ಹದ್ಮೂರನೇ ತಾರೀಖು ಅಲ್ವಾ?" ಅಂದ. ತಾರೀಖಿನ ಮಾತು ಅವನ ಬಾಯಲ್ಲಿ ಬಂದದ್ದು ಅದೇ ಮೊದಲು. ನಾನು ಕಾಫಿ ತರುತ್ತೇನೆಂದು ಒಳಗೆ ಎದ್ದು ಹೋದೆ.

ಥಿಯೇಟರು, ಹೋಟೆಲು ತೆರೆದ ಮೇಲೆ ಬೆಂಗಳೂರಿಗೆ ಹೋದ. ೨೦೨೧ರ ಏಪ್ರಿಲ್ ೧ಕ್ಕೆ 'ಯುವರತ್ನ' ನೋಡಿ ಫೋನ್ ಮಾಡಿದ, ಅಪ್ಪು ಡ್ಯಾನ್ಸಿಗೆ ಕಾಲು ನಿಲ್ಲಲಿಲ್ಲವಂತೆ. ಮಾರನೇ ದಿನವೇ ಅರ್ಧ ಸೀಟು ಮಾತ್ರ ಎಂಬ ಆಜ್ಞೆ. ತಿಂಗಳ ಕೊನೆಗೆ ಮತ್ತೆ ಬೀಗ, ಮತ್ತೆ ಬ್ಯಾಗು ಹೊತ್ತು ಊರಿಗೆ. ಈ ಸಲ ಯಾರೂ ಮರ ಹಾಕಿರಲಿಲ್ಲ. ರೋಗ ಅವನಿಗಿಂತ ಮೊದಲೇ ಊರೊಳಗೆ ಬಂದು ಕೂತಿತ್ತು. ಮೂರು ಮನೆ ಸೀಲ್‌ಡೌನ್ ಆಯಿತು. ಅವತ್ತು ಹದಿನಾಲ್ಕು ದಿನದ ಕಾನೂನು ಹೇಳಿದ ಹಿರಿಯರು ಆ ಮೇ ತಿಂಗಳಲ್ಲಿ ಹೋಗಿಬಿಟ್ಟರು. ಅವರಿಗೆ ಹೆಗಲು ಕೊಟ್ಟ ನಾಲ್ವರಲ್ಲಿ ಸೆಕೆಂಡ್ ಶೋ ಒಬ್ಬ.

ಜುಲೈ ೫ಕ್ಕೆ ನಿರ್ಬಂಧ ಸಡಿಲವಾಯಿತು ನೋಡಿ, ಕಟ್ಟೆ ಒಡೆದ ಹಾಗೆ ಜನ! ಮುಳ್ಳಯ್ಯನಗಿರಿ ರಸ್ತೆಯಲ್ಲಿ ಕಾರಿನ ಹಿಂದೆ ಕಾರು, ಕೊನೆಗೆ ಜಿಲ್ಲಾಡಳಿತ ದಿನಕ್ಕೆ ಇಂತಿಷ್ಟೇ ವಾಹನ ಅಂತ ಮಿತಿ ಹಾಕಬೇಕಾಯಿತು. ನಮ್ಮ ಕಡೆಗೂ ಬಂದರು. ಮಾಸ್ಕು ಗಡ್ಡಕ್ಕೆ. ಊರಲ್ಲಿ ಸಭೆ ಸೇರಿತು. ಮರ ಎಳೆಯೋಣ ಎಂದರು ಕೆಲವರು. ಎದ್ದು ನಿಂತು ಬೇಡ ಅಂದವನು ನಾನು! ಬಡವರ ಹೊಟ್ಟೆ, ಸರ್ಕಾರವೇ ಬಿಟ್ಟಿದೆ, ಬರುವವರೂ ಮನುಷ್ಯರೇ... ಅರ್ಧ ಗಂಟೆ ಭಾಷಣ ಹೊಡೆದೆ. ಒಂದೂ ಸುಳ್ಳಲ್ಲ, ಆರು ಕಂತು ಬಾಕಿ ಇತ್ತು. ಮರ ಬೀಳಲಿಲ್ಲ. ಆ ಶನಿವಾರ, ಭಾನುವಾರ ನಾಲ್ಕು ತಿಂಗಳ ದುಡಿಮೆ ಎರಡು ದಿನದಲ್ಲಾಯಿತು.

ರಾತ್ರಿ ಜೀಪು ತೊಳೆಯುತ್ತಿದ್ದೆ. ಸೆಕೆಂಡ್ ಶೋ ಬಂದು ಬಾನೆಟ್ಟಿಗೆ ಒರಗಿ ನಿಂತ. "ಇವತ್ತು ಹತ್ತಿಸಿದೋರು ಎಲ್ಲಿಯವ್ರು ಮಾರಾಯ?"

"ಬೆಂಗಳೂರು."

"ಎಷ್ಟು ದಿನ ಆಗಿತ್ತಂತೆ ಬಂದು?"

ನಾನು ಪೈಪು ಹಿಡಿದುಕೊಂಡು ನಿಂತೆ. ಅವನ ಮಾತಿನಲ್ಲಿ ಸಿಟ್ಟಿರಲಿಲ್ಲ. ಸಿಟ್ಟಿದ್ದರೆ ಸುಲಭವಿತ್ತು, ನಾನೂ ಎರಡು ಮಾತು ಆಡುತ್ತಿದ್ದೆ. "ಅವತ್ತು ಯಾಕೆ ಹೇಳ್ಲಿಲ್ಲ ನೀನು?" ಅಂತ ಕೇಳಿದೆ. "ಇಬ್ರೂ ಮೇಲೆ ಹೋಗಿದ್ರೆ ಅನ್ನ ತರೋರು ಯಾರು?" ಅಂದ. ನನ್ನ ಕೈಯಿಂದ ಪೈಪು ತೆಗೆದುಕೊಂಡು ಹಿಂದಿನ ಚಕ್ರದ ಕೆಸರು ತೊಳೆಯತೊಡಗಿದ.

ಆ ದಿಮ್ಮಿ ಈಗಲೂ ತಿರುವಿನಲ್ಲಿದೆ, ರಸ್ತೆ ಬದಿಗೆ. ಮಳೆಗೆ ಅರ್ಧ ಲಡ್ಡು ಹಿಡಿದು ಅಣಬೆ ಎದ್ದಿದೆ. ಗಟ್ಟಿಯಿರುವ ಅರ್ಧದ ಮೇಲೆ ಕೂತು ಜನ ಬಸ್ಸಿಗೆ ಕಾಯುತ್ತಾರೆ. ನನ್ನ ಆ ಮೂರು ದಿನದ ಲೆಕ್ಕ ಇವತ್ತಿಗೂ ಊರಲ್ಲಿ ಯಾರಿಗೂ ಗೊತ್ತಿಲ್ಲ, ಅವನು ಹೇಳಿಲ್ಲ. ಈ ಪತ್ರಿಕೆ ಕಳಸ ಬಸ್ ಸ್ಟ್ಯಾಂಡಿಗೂ ಬರುತ್ತದೆ. ಮೊದಲ ಪ್ರತಿ ಕೊಳ್ಳುವವನು ಸೆಕೆಂಡ್ ಶೋ. ಓದಿ ಮುಗಿಸಿದ ಮೇಲೆ ಊರಿಗೆಲ್ಲ ಎರವಲು ಕೊಡುವವನೂ ಅವನೇ.